ಮೆಟ್ಟಿಲೇರಿದ ಸಮುದ್ರ

ಅವರ ಬಲಗೈ ಮಣಿಕಟ್ಟಿಗೆ ಒಂದು ಚಾಳಿಯಿತ್ತು. ಕೈಗೆ ಯಾವ ಲೋಟ ಬಂದರೂ, ಚಹಾ ಇರಲಿ, ಮಜ್ಜಿಗೆ ಇರಲಿ, ಬರೀ ನೀರಿರಲಿ, ಕುಡಿಯುವ ಮೊದಲು ಅದನ್ನು ಒಮ್ಮೆ ಮೆಲ್ಲಗೆ ತಿರುವುತ್ತಿದ್ದರು. ತಳದಲ್ಲಿ ಕೂತದ್ದು ಏಳುವಷ್ಟು ಮಾತ್ರ, ಒಂದು ಹನಿಯೂ ಚೆಲ್ಲದ ಹಾಗೆ. ಆಮೇಲೆ ಲೋಟವನ್ನು ಬೆಳಕಿಗೆ ಹಿಡಿದು, ಒಂದು ಕಣ್ಣು ಕಿರಿದು ಮಾಡಿ ನೋಡುತ್ತಿದ್ದರು. ಎಡಗಣ್ಣು ಎಂದು ಬರೆದಿದ್ದೆ, ಹೊಡೆದುಹಾಕಿದೆ, ಬಲಗಣ್ಣೂ ಇರಬಹುದು. ಸ್ಟೀಲ್ ಲೋಟವನ್ನೂ ಅವರು ಹೀಗೆಯೇ ಕಿಟಕಿಯತ್ತ ಎತ್ತಿ ಹಿಡಿಯುವುದನ್ನು ಕಂಡು ಸ್ಟಾಫ್ ರೂಮಿನಲ್ಲಿ ನಗುತ್ತಿದ್ದರು.

"ಮೇಡಂ, ಸ್ಟೀಲಿನಾಗೂ ಆರಪಾರ ಕಾಣಸ್ತದೇನ್ರಿ?" ಎಂದು ಇತಿಹಾಸದ ಮೇಷ್ಟ್ರು ಕೇಳಿದರೆ, "ರೂಢಿ ಆಗ್ಯದರಿ. ಕೈ ನನ್ನ ಮಾತು ಕೇಳಂಗಿಲ್ಲ" ಎನ್ನುತ್ತಿದ್ದರು.

ನಾನು ಜೇವರ್ಗಿಯವನು. ಕಲಬುರಗಿಯಲ್ಲಿ ಎಂ.ಎಸ್ಸಿ. ಮುಗಿಸಿ ಅಫಜಲಪುರದ ಕಾಲೇಜೊಂದಕ್ಕೆ ಅತಿಥಿ ಉಪನ್ಯಾಸಕನಾಗಿ ಬಂದಾಗ ಅವರು ಅಲ್ಲಿ ಸಸ್ಯಶಾಸ್ತ್ರದ ಹಿರಿಯ ಅಧ್ಯಾಪಕಿ. ಊರಿಗೆಲ್ಲ ಮೇಡಂ, ನನಗೂ ಕೊನೆಯವರೆಗೂ ಮೇಡಂ. ಅವರು ನನ್ನನ್ನು ತಮ್ಮಾ ಎನ್ನುತ್ತಿದ್ದರು. ಆಗ ನನಗೆ ಯಾವ ಊರಿನಲ್ಲೂ ಕಾಲು ನಿಲ್ಲುತ್ತಿರಲಿಲ್ಲ, ಯಾರ ಮಾತಿನ ಮೇಲೂ ನಂಬಿಕೆಯಿರಲಿಲ್ಲ. ವಿಜ್ಞಾನ ಓದಿದವನು ಎಲ್ಲರನ್ನೂ ಸಂಶಯಿಸಬೇಕು ಎಂದುಕೊಂಡಿದ್ದೆ. ಎಲ್ಲರಲ್ಲಿ ನಾನೂ ಒಬ್ಬ ಎಂಬುದನ್ನು ಕಲಿಸಿದವರು ಅವರು. ಅವರ ಬಗ್ಗೆಯೇ ಬರೆಯಲು ಕೂತಾಗ ಆ ಪಾಠ ಕಾಲಿಗೆ ತೊಡರುತ್ತಿದೆ.

ಅವರು ಪಿಎಚ್.ಡಿ. ಮಾಡುತ್ತಿದ್ದದ್ದು ಸಮುದ್ರದ ಮೇಲೆ. ಇದನ್ನು ಮೊದಲ ಸಲ ಕೇಳಿದಾಗ ನಾನೂ ನಕ್ಕಿದ್ದೆ. ಅಫಜಲಪುರದಿಂದ ಯಾವ ದಿಕ್ಕಿಗೆ ಹೊರಟರೂ ಸಮುದ್ರಕ್ಕೆ ಒಂದು ರಾತ್ರಿಯ ದಾರಿ. ಕಡಲಿನ ಮೇಲ್ಪದರದಲ್ಲಿ ತೇಲುವ, ಕಣ್ಣಿಗೆ ಕಾಣದಷ್ಟು ಸಣ್ಣ ಸಸ್ಯಗಳ ಮೇಲೆ ಅವರ ಕೆಲಸ. ಒಂದೇ ಜೀವಕೋಶ, ಅದರ ಸುತ್ತ ಗಾಜಿನಂಥ ಚಿಪ್ಪು, ಒಳಗೆ ಹೊಂಬಣ್ಣ. "ನೀ ಜೇವರ್ಗ್ಯಾಗ ಕೂತು ಎಳಕೊಳ್ಳೋ ಗಾಳಿ ಅದಲ್ಲಾ, ಭೂಮಿ ಮ್ಯಾಲಿನ ಆ ಪ್ರಾಣವಾಯುವಿನಾಗ ಹತ್ತಿರ ಹತ್ತಿರ ಅರ್ಧ ಕಡಲಿನ ಇಂಥಾ ಸಣ್ಣ ಸಸ್ಯಗೋಳು ಮಾಡಿದ್ದು. ನಗು, ನಗು. ನಗಾಕೂ ಉಸಿರು ಬೇಕಲ್ಲ" ಎಂದಿದ್ದರು.

ಅವರ ಪ್ರಶ್ನೆ ಸರಳ. ಸಮುದ್ರ ಬಿಸಿಯಾಗುತ್ತಿದೆ. ನಾವು ಬಿಟ್ಟ ಹೊಗೆಯನ್ನು ಕುಡಿದು ಹುಳಿಯೂ ಆಗುತ್ತಿದೆ. (ಈ ಮಾತು ಬಂದಾಗಲೆಲ್ಲ ಅವರು ತಡೆಯುತ್ತಿದ್ದರು: "ಹುಳಿ ಅಲ್ಲ. ಹುಳಿ ಕಡೆ ಹೊಂಟದ ಅನ್ನು.") ಈ ಸಣ್ಣ ಜೀವಗಳನ್ನು ಒಮ್ಮೆಲೇ ಬಿಸಿ ನೀರಿಗೆ ಹಾಕಿದರೆ ಸಾಯುತ್ತವೆ. ಆದರೆ ಇವು ಅನುಕೂಲವಿದ್ದರೆ ದಿನಕ್ಕೊಮ್ಮೆ ಎರಡಾಗುವ ಜೀವಗಳು. ನಮ್ಮ ಒಂದು ಬೇಸಿಗೆ ಕಳೆಯುವಷ್ಟರಲ್ಲಿ ಅವುಗಳ ಎಷ್ಟೋ ತಲೆಮಾರು ಕಳೆದಿರುತ್ತವೆ. ಬಿಸಿಯನ್ನು ಸ್ವಲ್ಪ ಸ್ವಲ್ಪವೇ ಏರಿಸಿದರೆ ಈ ತಲೆಮಾರುಗಳು ಅದಕ್ಕೆ ಒಗ್ಗಿಕೊಳ್ಳುತ್ತವೆಯೇ? ಒಗ್ಗಿಕೊಂಡರೆ ಏನನ್ನು ಕಳೆದುಕೊಳ್ಳುತ್ತವೆ?

ಇದಕ್ಕೆ ದೊಡ್ಡ ಪ್ರಯೋಗಾಲಯಗಳಲ್ಲಿ ಯಂತ್ರಗಳಿವೆ. ಅವರ ಬಳಿ ಇದ್ದದ್ದು ಮನೆಯ ಮೆಟ್ಟಿಲು. ಅವರ ಗಂಡನ ಮನೆ ಫರ್ಸಿ ಕಲ್ಲಿನ ಹಳೆಯ ಮನೆ. ನೆಲಮಟ್ಟದ ದವಸದ ಕೋಣೆ ಬೇಸಿಗೆಯಲ್ಲೂ ತಣ್ಣಗಿರುತ್ತಿತ್ತು. ಅಲ್ಲಿಂದ ಮಾಳಿಗೆಗೆ ಹೋಗುವ ಮೆಟ್ಟಿಲ ಸಾಲಿನ ನೆತ್ತಿಗೆ ತಗಡು. ಒಂದೊಂದು ಮೆಟ್ಟಿಲು ಏರಿದಂತೆ ಸೆಕೆ ಒಂದಿಷ್ಟು ಹೆಚ್ಚುತ್ತಿತ್ತು. ಅವರು ಹೋಲಿಸಿ ನೋಡಲೆಂದು ಕೆಲವು ಜಾಡಿಗಳನ್ನು ದವಸದ ಕೋಣೆಯ ಕಿಟಕಿಯಲ್ಲೇ ಬಿಟ್ಟು, ಉಳಿದವನ್ನು ಕೆಳಗಿನ ಮೆಟ್ಟಿಲಲ್ಲಿಟ್ಟು ಶುರು ಮಾಡಿದ್ದರು. ಅಲ್ಲಿ ಚೆನ್ನಾಗಿ ಬೆಳೆದವೆಂದರೆ ಮೇಲಿನ ಮೆಟ್ಟಿಲಿಗೆ ಬಡ್ತಿ. ಸೊರಗಿದರೆ ಒಂದು ಮೆಟ್ಟಿಲು ಕೆಳಗೆ. ಬಿಸಿಲು ನೇರ ಬೀಳದಂತೆ ಕಿಟಕಿಗೆ ಮಾವನವರ ಹಳೆಯ ಧೋತರ. ವರ್ಷಗಟ್ಟಲೆ ಹೀಗೆ ಏರಿಸಿ, ನಾನು ಅಲ್ಲಿಗೆ ಹೋಗುವ ಹೊತ್ತಿಗೆ ಅವು ತಗಡಿನ ಕೆಳಗಿನ ಕೊನೆಯ ಮೆಟ್ಟಿಲು ಮುಟ್ಟಿದ್ದವು. ಜಾಡಿಯೊಳಗಿನದು ನೋಡಲು ತೆಳು ಚಹಾದಂತೆ ಇರುತ್ತಿತ್ತು. ಮನೆಯ ಮಕ್ಕಳು ಅವಕ್ಕೆ ಚಹಾ ಬಾಟ್ಲಿ ಎಂದೇ ಹೆಸರಿಟ್ಟಿದ್ದರು.

ಸಮುದ್ರದ ನೀರು ಬರುತ್ತಿದ್ದದ್ದು ಲಾರಿಯಲ್ಲಿ. ಅವರ ತವರು ಆಳಂದ. ತವರಿನ ಸಂಬಂಧಿಕನೊಬ್ಬ ಖಜೂರಿಯಲ್ಲಿ ಲಾರಿ ಇಟ್ಟುಕೊಂಡು ಕೊಂಕಣದ ಕಡೆಗೆ ಲೋಡು ಒಯ್ಯುತ್ತಿದ್ದ. ಬರುವಾಗ ಅಕ್ಕನಿಗೆಂದು ಕ್ಯಾನುಗಳಲ್ಲಿ ಕಡಲ ನೀರು ತರುತ್ತಿದ್ದ. ಒಮ್ಮೆ ಚೆಕ್‌ಪೋಸ್ಟಿನಲ್ಲಿ ಪೊಲೀಸನೊಬ್ಬ ಅದು ಕಳ್ಳಭಟ್ಟಿಯೆಂದು ಹಟ ಹಿಡಿದು, ಪರೀಕ್ಷೆಗೆಂದು ಬೊಗಸೆ ತುಂಬ ಬಾಯಿಗೆ ಹಾಕಿಕೊಂಡನಂತೆ. "ಅಂವಾ ಕ್ಯಾಕರಿಸಿ ಉಗುಳಿದ್ದು ನೋಡಬೇಕಿತ್ತು ಅಕ್ಕಾ. ಇಷ್ಟು ದೂರದಿಂದ ಇದನ್ನ ಯಾಕ ಹೊರತಿಲೇ ಹುಚ್ಚ ಅಂದ" ಎಂದು ಆ ಡ್ರೈವರ್ ಹೇಳುವಾಗ ಮೇಡಂ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಕ್ಕದ್ದು ನೆನಪಿದೆ. ಇದು ಖಂಡಿತ ನೆನಪಿದೆ.

ನೀರನ್ನು ಹುಳಿಯ ಕಡೆಗೆ ಹೊರಡಿಸುವುದಕ್ಕೆ ಬಸ್ ನಿಲ್ದಾಣದ ಹತ್ತಿರದ ಸೋಡಾ ಅಂಗಡಿ ಇತ್ತು. ಅಂಗಡಿಯ ಮಾಲೀಕರನ್ನು ಎಲ್ಲರೂ ಚಾಚಾ ಎನ್ನುತ್ತಿದ್ದರು. ಸೋಡಾಕ್ಕೆ ತುಂಬುವ ಗ್ಯಾಸೂ ಹೊಗೆಯಲ್ಲಿರುವ ಗ್ಯಾಸೂ ಒಂದೇ ಎಂದು ಮೇಡಂ ಹೇಳಿದ ದಿನದಿಂದ ಅವರು ಈ ಸಂಶೋಧನೆಯನ್ನು ತಮ್ಮದೂ ಎಂದು ತಿಳಿದಿದ್ದರು. ಅಂಗಡಿಯಲ್ಲಿ ಎಷ್ಟೇ ಗಿರಾಕಿ ಇರಲಿ, ಮೇಡಂ ಚೀಲದಿಂದ ಬಾಟಲಿ ತೆಗೆದರೆ ಸಾಕು: "ಸರೀರಿ ಎಲ್ಲಾರೂ, ಪಹಲೇ ಮೇಡಂ ಸಮುಂದರ್‌ಗೆ ಗ್ಯಾಸ್ ಹೊಡೀತೇನಿ."

"ಜರಾನೇ ಹೊಡೀರಿ ಚಾಚಾ. ಹೋದ ಸಲ ಜಾಸ್ತಿ ಆಗಿತ್ತು, ಪಾಪ ಅವು ಮಲಗೇಬಿಟ್ಟವು."

"ತೌಬಾ ತೌಬಾ! ಆ ಪಾಪ ನಂಗ ಬ್ಯಾಡ್ರಿ." ಆಮೇಲೆ ಹಸುಗೂಸಿಗೆ ಔಷಧಿ ಹನಿಸುವವರ ಹಾಗೆ ಕೊಳವೆ ಹಿಡಿಯುತ್ತಿದ್ದರು.

ಈ ಜೀವಗಳನ್ನು ಉಳಿಸಿಕೊಳ್ಳುವ ಕೆಲಸವನ್ನು ಮೇಡಂ ಹೆಪ್ಪು ಹಾಕೋದು ಎನ್ನುತ್ತಿದ್ದರು. ವಾರಕ್ಕೊಮ್ಮೆ ಹಳೆಯ ಜಾಡಿಯಿಂದ ಸ್ವಲ್ಪ ತೆಗೆದು ಹೊಸ ನೀರಿಗೆ ಬಿಡಬೇಕು. ಒಂದು ವಾರ ತಪ್ಪಿದರೆ ಸೊರಗುತ್ತವೆ, ಎರಡು ವಾರ ತಪ್ಪಿದರೆ ಸಾಲೇ ತೀರುತ್ತದೆ. ಯಾವ ತಾಯಿಯಿಂದ ಯಾವ ಮಗಳು ಎಂಬ ಈ ಸಾಲಿಗೇ ಬೆಲೆ. ನಮ್ಮ ಮನೆಗಳಲ್ಲಿ ಹೆಪ್ಪು ಕೆಟ್ಟರೆ, ಹಿಂದೆ ನಾವೇ ಹೆಪ್ಪು ಕೊಟ್ಟ ಮನೆಗೆ ಹೋಗಿ ತರುತ್ತೇವಲ್ಲ, ಅದೇ ಎಚ್ಚರಿಕೆಯಿಂದ ಮೇಡಂ ಮೇಲಿನ ಮೆಟ್ಟಿಲಿನ ಒಂದು ಜಾಡಿಯನ್ನು ಚಾಚಾಗೆ ಕೊಟ್ಟಿದ್ದರು. ಕಡಲ ನೀರಿನ ಒಂದು ಕ್ಯಾನನ್ನೂ ಅಲ್ಲಿಟ್ಟು, ವಾರವಾರ ಹೊಸ ನೀರು, ಹೊಸ ಹೆಪ್ಪು ಹಾಕುವುದನ್ನು ಕಲಿಸಿದ್ದರು. ತಗಡಿನ ಮಾಡಿನ ಕೆಳಗೆ, ಸೆಕೆ ಇರುವ ಕಡೆಯೇ ಇಡಬೇಕೆಂದು ಹೇಳಿದ್ದರು.

ಇಷ್ಟೆಲ್ಲ ನೋಡಿದ ಮೇಲೂ ನಾನು ಕೆಣಕುತ್ತಿದ್ದೆ. "ಕೊನೀ ಮೆಟ್ಟಿಲ ಮ್ಯಾಲ ಬದುಕ್ಯಾವಲ್ರಿ ಮೇಡಂ, ಮತ್ತೇನು? ಸಮುದ್ರಕ್ಕೇನೂ ಆಗಂಗಿಲ್ಲ ಅಂತ ಬರೆದು ಮುಗಿಸ್ರಿ."

"ಬದುಕ್ಯಾವು ಅಂದ್ರ ಆರಾಮ ಅದಾವು ಅಂತಲ್ಲ ತಮ್ಮಾ. ಸಣ್ಣಾಗ್ಯಾವು ಅಂತ ನನಗ ಅನಸ್ತದ. ಇವನ್ನ ತಿನ್ನೋ ಜೀವಕ್ಕ ಹೊಟ್ಟಿ ತುಂಬತದೋ ಇಲ್ಲೋ ಯಾರು ನೋಡ್ಯಾರ? ಅಳೀಬೇಕು. ಅಳೆಯೋತನಕ ಅನಸ್ತದ ಅಂತಷ್ಟೇ ಅನಬೇಕು."

ಒಂದು ಮಧ್ಯಾಹ್ನ ಅವರ ಮನೆಯ ಮೇಜಿನ ಮೇಲೆ ಸೂಕ್ಷ್ಮದರ್ಶಕ ಇಟ್ಟು ನನಗೂ ತೋರಿಸಿದ್ದರು. ಹೊಂಬಣ್ಣದ ಪುಟ್ಟ ಡಬ್ಬಿಗಳು. ಅದರಲ್ಲೊಂದು ನಡುವೆ ಗೆರೆ ಮೂಡಿ ಎರಡಾಗುತ್ತಿತ್ತು. ಕೊನೆಯ ಮೆಟ್ಟಿಲಿನ ಜಾಡಿಯದು. ಹಾಗೆಂದು ನಾನು ಬಹಳ ವರ್ಷ ನಂಬಿದ್ದೆ.

ಅಳೆಯುವ ಕೆಲಸ ಇನ್ನೇನು ಶುರುವಾಗಬೇಕು, ಕಲಬುರಗಿಯಲ್ಲಿ ಪರೀಕ್ಷೆಯ ಮೌಲ್ಯಮಾಪನ ಬಂತು. ನಾವಿಬ್ಬರೂ ಅಲ್ಲಿದ್ದಾಗ ಅವರ ಅತ್ತೆ ತೀರಿಕೊಂಡ ಸುದ್ದಿ ತಲುಪಿತು. ಒಂದೇ ಬಸ್ಸಿನಲ್ಲಿ ಹೊರಟೆವು. ಮನೆ ಮುಟ್ಟಿದಾಗ ಅತ್ತೆಯವರನ್ನು ಪಡಸಾಲೆಯಲ್ಲಿ ಕೂರಿಸಿ, ಹಣೆ ತುಂಬ ವಿಭೂತಿ ಹಚ್ಚಿದ್ದರು. ಮೇಡಂ ಹೋಗಿ ಪಕ್ಕದಲ್ಲಿ ಕೂತರು.

ಅದು ಸೂತಕ ಪಾತಕ ಒಪ್ಪದ ಶರಣರ ಮನೆ. ಮಾವನವರು ಜಿಡಗಾ ಮಠಕ್ಕೆ ನಡೆದುಕೊಳ್ಳುವವರು, ಅದನ್ನು ಕೂತಲ್ಲಿ ನಿಂತಲ್ಲಿ ಹೇಳುವವರು. ಆದರೆ ಸಾವಿನ ಮನೆಯ ಕೆಲಸಕ್ಕೆ ನಿಲ್ಲುವ ಓಣಿಯ ಹೆಂಗಸರಿಗೆ ತಲೆತಲಾಂತರದ ರೂಢಿಯೊಂದಿತ್ತು: ಸತ್ತವರ ಮನೆಯಲ್ಲಿ ತುಂಬಿಟ್ಟ ನೀರು ಉಳಿಯಬಾರದು. ಕೊಡ, ಹಂಡೆ, ತಂಬಿಗೆ, ಎಲ್ಲ ಚೆಲ್ಲಿ, ತಿಕ್ಕಿ, ಬೋರಲು ಹಾಕಬೇಕು. ಅದನ್ನು ಮುಂದೆ ನಿಂತು ಮಾಡಿಸಿದವಳು ಮೇಡಂ ಅವರ ನೆಗೆಣ್ಣಿ, ಮೈದುನನ ಹೆಂಡತಿ, ಮಣ್ಣೂರಿನ ಮಗಳು. ಮೇಡಂ ಮೇಲೆ ಪ್ರಾಣ ಇಟ್ಟವಳು. ಅಕ್ಕ ಬರುವುದರೊಳಗೆ ಒಂದು ಕೆಲಸವೂ ಉಳಿಯಬಾರದೆಂದು ಒದ್ದೆ ಸೀರೆಯಲ್ಲಿ ಓಡಾಡುತ್ತಿದ್ದಳು. ಮೇಡಂ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಪಿಸುಗುಟ್ಟಿದಳು: "ಅಕ್ಕಾ, ಎಲ್ಲಾ ನೀರು ಚೆಲ್ಲಿ ಹಸನ ಮಾಡಿಸೇನಿ. ನಿಮ್ಮ ಬಾಟ್ಲಿಗೋಳೂ ಒಂದೂ ಬಿಟ್ಟಿಲ್ಲ. ಬೂದಿ ಹಚ್ಚಿ ನಾನೇ ತಿಕ್ಕೇನಿ, ಹೊಸಾವು ಆಗ್ಯಾವು."

ನಾನು ಕತ್ತು ಎತ್ತಿ ನೋಡಿದೆ. ಮೆಟ್ಟಿಲ ಮೇಲೆ, ಕೆಳಗಿನಿಂದ ತಗಡಿನವರೆಗೆ, ಜಾಡಿಗಳು ಬೋರಲಾಗಿ ಕೂತು ನೀರು ಸೋರಿಸುತ್ತಿದ್ದವು. ದವಸದ ಕೋಣೆಯವೂ ಅಲ್ಲೇ ಬಂದಿದ್ದವು.

ಮೇಡಂ ನೆಗೆಣ್ಣಿಯ ತಲೆಯ ಮೇಲೆ ಕೈಯಿಟ್ಟು "ಛಲೋ ಮಾಡಿದಿ, ದಣದಿ" ಎಂದರು. ನಾನು ಕೇಳಿದ್ದು ಹೀಗೆ. ಆದರೆ ಆ ನೆಗೆಣ್ಣಿ ಹೇಳುವುದು ಬೇರೆ: ಅಕ್ಕ ಏನೂ ಅನ್ನಲಿಲ್ಲ, ತನ್ನ ಒದ್ದೆ ಕೈಯನ್ನು ಹಿಡಿದುಕೊಂಡು ಬಹಳ ಹೊತ್ತು ಬಿಡಲಿಲ್ಲ, ಅಷ್ಟೇ. ಅವಳ ಕೈ ಅವಳಿಗೆ ಗೊತ್ತಿರುತ್ತದೆ. ಹಾಗಾದರೆ ನಾನು ಕೇಳಿದ ಆ ಎರಡು ಮಾತು ಎಲ್ಲಿಂದ ಬಂದವು? ಅವರು ಹಾಗೆ ಅನ್ನಬಹುದಾಗಿದ್ದವರು ಎಂಬುದರಿಂದಲೇ ನಾನು ಅವನ್ನು ಕಟ್ಟಿಕೊಂಡೆನೋ ಏನೋ.

ಮಣ್ಣು ಕೊಟ್ಟು ಬಂದ ಮೇಲೆ ಒಂದು ದಿನ ಮೇಡಂ "ಚಾಚಾ ಕಡೆ ಹೆಪ್ಪು ಅದ, ಬಾ" ಎಂದರು. ಅಂಗಡಿಗೆ ಹೋದೆವು. ತಗಡಿನ ಕೆಳಗಿನ ಹಲಗೆಯ ಮೇಲೆ ಜಾಡಿ ಇರಲಿಲ್ಲ. ಮೇಡಂ ಬರಿದಾದ ಹಲಗೆಯ ಮೇಲೆ ಕೈಯಾಡಿಸಿದರು. ಚಾಚಾ ಮಾತ್ರ ಹಿಗ್ಗಿನಿಂದ ಒಳಗೆ ಕರೆದರು. ಮಂಜುಗಡ್ಡೆ ತುಂಬಿದ ಬರಫ್ ಪೆಟ್ಟಿಗೆಯ ಮೇಲೆ, ಒದ್ದೆ ಬಟ್ಟೆ ಸುತ್ತಿದ ಜಾಡಿ. ಒಳಗೆ ತುಂಬಿದ ಹೊಂಬಣ್ಣ.

"ಈ ಬ್ಯಾಸಗಿ ಧೂಪಿಗೆ ನಾವೇ ಸಾಯಾಕತ್ತೇವಿ, ಇವು ನನ್ಹೀ ಜಾನ್, ಸಣ್ಣ ಜೀವ, ಎಲ್ಲಿ ತಡೀತಾವ್ರಿ? ಅದಕ್ಕ ಬ್ಯಾಸಗಿ ಶುರು ಆದಾಗಿಂದ ಬರಫಿನ ಮ್ಯಾಲ ಇಟ್ಟೇನಿ. ವಾರಾವಾರಾ ನೀವು ಹೇಳಿದಂಗ ಹೊಸಾ ನೀರು. ನೋಡ್ರಿ, ಹ್ಯಾಂಗ ಖುಷ್ ಅದಾವು!"

ಮೇಡಂ ಜಾಡಿ ಎತ್ತಿ ಒಮ್ಮೆ ತಿರುವಿದರು, ಬೆಳಕಿಗೆ ಹಿಡಿದರು. "ಭಾಳ ಛಲೋ ನೋಡಿಕೊಂಡೀರಿ ಚಾಚಾ" ಎಂದರು. ಚಾಚಾ ನಮಗಿಬ್ಬರಿಗೂ ಸೋಡಾ ಒಡೆದು ಕೊಟ್ಟರು.

ದಾರಿಯಲ್ಲಿ ನಾನು ಸಮಾಧಾನ ಮಾಡಲು ಹೋದೆ. "ಜೀವಂತ ಅದಾವಲ್ರಿ ಮೇಡಂ. ಕೊನೀ ಮೆಟ್ಟಿಲ ಸಾಲಿನ ಮಕ್ಕಳೇ."

"ಬ್ಯಾಸಗಿ ಪೂರಾ ತಂಪಿನಾಗ ಹುಟ್ಟಿ ತಂಪಿನಾಗ ಸತ್ತಾವು. ಎಷ್ಟು ತಲೆಮಾರು ಹೋದವೋ. ಸೆಕಿ ತಡಕೊಳ್ಳೋದು ಇನ್ನೂ ಇವಕ್ಕ ನೆನಪು ಅದನೋ, ಮರೆತಾವೋ, ನನಗ ಗೊತ್ತಿಲ್ಲ."

"ಮತ್ತ ಮ್ಯಾಲಿನ ಮೆಟ್ಟಿಲ ಮ್ಯಾಲ ಇಟ್ಟು ನೋಡ್ರಿ."

"ಇಟ್ಟು ನೋಡಬಹುದು. ಬದುಕಿದರೂ, ಅಲ್ಲಿತನಕ ಏರಿದ್ದ ಸಾಲು ಇದೇ ಅಂತ ಅನ್ನಾಕ ಬರಂಗಿಲ್ಲ. ನಡುವ ಕಡದದ ತಮ್ಮಾ. ಮತ್ತ ಕೆಳಗಿನ ಮೆಟ್ಟಿಲಿಂದ ಏರಬೇಕು."

ಪಿಎಚ್.ಡಿ.ಗೆ ವಿಶ್ವವಿದ್ಯಾಲಯ ಕೊಟ್ಟ ಅವಧಿ ಅಷ್ಟು ಉಳಿದಿರಲಿಲ್ಲ. ಅವರ ಗೈಡ್ ಕೆಟ್ಟವರೇನಲ್ಲ. ಈ ವಯಸ್ಸಿನಲ್ಲಿ ಇಷ್ಟು ದುಡಿದ ಹೆಂಗಸಿಗೆ ಡಾಕ್ಟರೇಟ್ ತಪ್ಪಬಾರದೆಂಬ ಕಾಳಜಿ ಅವರದು. "ಜಾಡಿ ಸೋಡಾ ಅಂಗಡ್ಯಾಗ ಎಲ್ಲಿತ್ತು ಅಂತ ಯಾರು ಕೇಳತಾರ್ರೀ ಮೇಡಂ? ತಗಡಿನ ಕೆಳಗಿತ್ತು ಅಂತ ಒಂದು ಸಾಲು ಬರೀರಿ, ನಾ ಸಹಿ ಹಾಕ್ತೇನಿ" ಎಂದರಂತೆ. ಮೇಡಂ ಬರೆಯಲಿಲ್ಲ. ಅವಧಿ ಮುಗಿಯಿತು. ಅವರು ಚಾಚಾನ ಜಾಡಿಯಿಂದ ಹೆಪ್ಪು ತೆಗೆದು ಕೆಳಗಿನ ಮೆಟ್ಟಿಲಲ್ಲಿಟ್ಟು ಮತ್ತೆ ಶುರು ಮಾಡಿದರು. ಅಷ್ಟರಲ್ಲಿ ಖಜೂರಿಯ ಡ್ರೈವರ್ ಲಾರಿ ಮಾರಿದ. ಉಪ್ಪುಗಳನ್ನು ಬೆರೆಸಿ ತಾವೇ ಕಡಲ ನೀರು ಮಾಡಿಕೊಂಡರು. ಅದರಲ್ಲಿ ಆ ಜೀವಗಳು ಸೊರಗುತ್ತ ಹೋದವು. ಆ ಸಾಲು ಯಾವಾಗ ತೀರಿತೋ ನನಗೆ ಗೊತ್ತಿಲ್ಲ. ಆಗ ನಾನು ಅಫಜಲಪುರ ಬಿಟ್ಟಿದ್ದೆ.

ಬಿಟ್ಟು ಹೋದದ್ದು ಸಮುದ್ರಕ್ಕೆ. ಈಗ ಕರಾವಳಿಯ ಪ್ರಯೋಗಾಲಯವೊಂದರಲ್ಲಿ ಅದೇ ಬಗೆಯ ಜೀವಗಳನ್ನು ಬಿಸಿ ಮಾಡುವುದು, ಗ್ಯಾಸ್ ಬಿಡುವುದು ನನ್ನ ಕೆಲಸ. ಮೆಟ್ಟಿಲು ಏರಿಸುವುದನ್ನು ಯಂತ್ರ ಮಾಡುತ್ತದೆ. ಹೆಸರಿನ ಹಿಂದೆ ಡಾಕ್ಟರ್ ಬಂದಿದೆ. ನಿಧಾನವಾಗಿ ಬಿಸಿಯೇರಿಸಿದರೆ ಕೆಲವು ಸಾಲುಗಳು ಒಗ್ಗಿಕೊಳ್ಳುತ್ತವೆ, ಒಗ್ಗಿಕೊಂಡವುಗಳಲ್ಲಿ ಕೆಲವು ಸಣ್ಣಗಾಗುತ್ತವೆ ಎಂದು ನಾವು ಅಳೆದು ನೋಡಿದ ದಿನ, ಮೇಡಂ "ಅನಸ್ತದ" ಎಂದದ್ದು ನೆನಪಾಗಿ ಅಲ್ಲಿ ನಿಲ್ಲಲಾಗಲಿಲ್ಲ. ರಜೆ ಹಾಕಿ ಅಫಜಲಪುರಕ್ಕೆ ಬಂದೆ.

ಅವರು ನಿವೃತ್ತರಾಗಿದ್ದರು. ಮೆಟ್ಟಿಲ ಮೇಲೆಯೇ ಕೂತು ಚಹಾ ಕುಡಿದೆವು. ನಾನು ಒಂದು ಲೇಖನ ಬರೆಯಲು ಹೊರಟಿದ್ದೆ. ಅವರ ಕೆಲಸ ಹೊರಗೆ ಗೊತ್ತಾಗಬೇಕು, ಅದಕ್ಕೆ ನಾನೇ ಸಾಕ್ಷಿ ಎಂದೆ. "ಕೊನೀ ಮೆಟ್ಟಿಲ ಜಾಡ್ಯಾಗ ಜೀವಕೋಶ ಎರಡಾಗೋದು ನಾ ಕಣ್ಣಾರೆ ನೋಡೇನ್ರಿ."

"ಯಾವ ಜಾಡಿ?"

"ಮ್ಯಾಲಿಂದ್ರಿ."

"ಅವತ್ತು ಮ್ಯಾಲಿಂದೂ ಕೆಳಗಿನ ಕೋಣೀದೂ ಎರಡೂ ಟೇಬಲ್ ಮ್ಯಾಲ ಇಟ್ಟಿದ್ದೆ. ನೀ ನೋಡಿದ್ದು ಯಾವ ಹನಿ?"

ನಾನು ಆ ಮಧ್ಯಾಹ್ನವನ್ನು ಮತ್ತೆ ಕಣ್ಣ ಮುಂದೆ ತಂದುಕೊಂಡೆ. ಮೇಜು ಕಂಡಿತು, ಧೋತರದ ಪರದೆ ಕಂಡಿತು, ಅವರ ಕೈ ಕಂಡಿತು. ಒಂದು ಜಾಡಿಯೂ ಕಂಡಿತು, ಎರಡೂ ಕಂಡವು. "ನಿಮಗ ನೆನಪಿಲ್ಲೇನ್ರಿ?" ಎಂದೆ.

"ಇಲ್ಲ. ನಿನಗದ?"

"ಮೇಡಂ, ನನ್ನ ನಂಬಂಗಿಲ್ಲೇನ್ರಿ?"

"ನಿನ್ನ ನಂಬತೇನೋ ಹುಚ್ಚಪ್ಪಾ. ಆದ್ರ ನಿನ್ನ ನೆನಪಿನ ಮ್ಯಾಲ ಸಮುದ್ರದ ಸುದ್ದಿ ಬರೀಬ್ಯಾಡ." ಅಷ್ಟು ಹೇಳಿ ಚಹಾ ತಿರುವಿ ಬೆಳಕಿಗೆ ಹಿಡಿದರು. ಅದು ನಮ್ಮ ಕೊನೆಯ ಭೇಟಿ ಎಂದು ಬರೆಯಲು ಹೊರಟಿದ್ದೆ. ಅಲ್ಲ, ಆಮೇಲೂ ಒಮ್ಮೆ ಹೋಗಿದ್ದೆ; ಆದರೆ ಆ ಸಲದ್ದು ಏನೂ ನೆನಪಿಲ್ಲ. ಒಬ್ಬರನ್ನು ಕೊನೆಯ ಬಾರಿ ಕಂಡದ್ದೇ ಮರೆತುಹೋಗುವುದಾದರೆ ಉಳಿದ ನೆನಪುಗಳಿಗೆ ಏನು ಭರವಸೆ? ಆ ಲೇಖನ ನಾನು ಬರೆಯಲಿಲ್ಲ. ಅವರ ಸಾಲು ಬದುಕಿತ್ತು ಎಂದು ಎಲ್ಲಿಯೂ ದಾಖಲಾಗಿಲ್ಲ, ಇನ್ನು ಆಗುವುದೂ ಇಲ್ಲ.

ಹೋದ ಬೇಸಿಗೆಯಲ್ಲಿ ಅವರು ತೀರಿಕೊಂಡರು. ನಾನು ತಲುಪುವ ಹೊತ್ತಿಗೆ ಓಣಿಯ ಹೆಂಗಸರು ಕೊಡ ಚೆಲ್ಲುತ್ತಿದ್ದರು. ಅಂಗಳದ ಫರ್ಸಿಯ ಮೇಲೆ ನೀರು ಹರಿದು ಬಾಗಿಲಿಗೆ ಬಂದಿತ್ತು. ಒಳಗೆ ಮೆಟ್ಟಿಲ ಬುಡದಲ್ಲಿ ಆ ನೆಗೆಣ್ಣಿ ನಿಂತಿದ್ದಳು. ತಲೆ ನರೆತಿತ್ತು. ಎರಡೂ ಕೈಯಲ್ಲಿ ಒಂದು ಜಾಡಿಯನ್ನು ಎದೆಗೆ ಒತ್ತಿ ಹಿಡಿದಿದ್ದಳು.

"ಅದನ್ನೂ ಚೆಲ್ಲಬೇಕಽ ಯವ್ವಾ, ಕೊಡು ಇಲ್ಲಿ" ಎಂದು ಹಿರಿಯಳೊಬ್ಬಳು ಕೈ ಚಾಚಿದಳು.

"ಮನಿಯಾಗಿನ ನೀರೆಲ್ಲಾ ಚೆಲ್ಲರಿ. ಇದನ್ನ ಮುಟ್ಟಬ್ಯಾಡ್ರಿ."

ನನ್ನನ್ನು ನೋಡಿ ಹತ್ತಿರ ಬಂದಳು. ಅತ್ತೆ ಸತ್ತ ವರ್ಷ, ತಾನು ಚೆಲ್ಲಿದ್ದು ಏನೆಂದು ಗೊತ್ತಾದ ಮೇಲೆ, ತವರು ಮಣ್ಣೂರಿಗೆ ಹೋಗಿ ಭೀಮಾ ನದಿಯ ನೀರು ತಂದು ಜಾಡಿಯಲ್ಲಿಟ್ಟಳಂತೆ. ಅಂದಿನಿಂದ ವಾರಕ್ಕೊಮ್ಮೆ, ಅಕ್ಕ ಮಾಡುತ್ತಿದ್ದ ಹಾಗೆ, ಸ್ವಲ್ಪ ಹಳೆಯದು, ಸ್ವಲ್ಪ ಹೊಸದು. ಜಾಡಿಯೊಳಗಿನದು ಗಾಢ ಹಸಿರು. ಕೆರೆ, ಹೊಳೆ, ದನದ ಬಾನಿ, ಎಲ್ಲೆಲ್ಲೂ ಹುಟ್ಟುವ ಸಾಮಾನ್ಯ ಪಾಚಿ. ಸೂಕ್ಷ್ಮದರ್ಶಕ ಬೇಕಾಗಿರಲಿಲ್ಲ.

"ಡಾಕ್ಟರ್ ಸಾಹೇಬ್ರ, ಇದು ಅಕ್ಕಂದು ಆಗೇದೇನ್ರಿ ಈಗರೆ?"

ಪಡಸಾಲೆಯಲ್ಲಿ ಮೇಡಂ ಅವರನ್ನು ಕೂರಿಸಿದ್ದರು. ಅವರ ಮುಂದೆ ನನಗೆ ಬೇರೆ ಉತ್ತರ ಬರಲಿಲ್ಲ. "ಇಲ್ರಿ ಅಕ್ಕಾ. ಇದು ಅದಲ್ಲ."

"ಗೊತ್ತದರಿ. ಅಕ್ಕನೂ ಅದೇ ಹೇಳತಿದ್ದಳು. ವಾರಾವಾರಾ ಕೇಳತಿದ್ದೆ, ವಾರಾವಾರಾ ಅಲ್ಲಽ ಅಂತಿದ್ದಳು." ಅವಳು ಸೆರಗಿನಿಂದ ಜಾಡಿಯ ಮೇಲಿನ ಹನಿ ಒರೆಸಿದಳು. "ಆದ್ರ ಚೆಲ್ಲು ಅಂತ ಒಮ್ಮೆನೂ ಅನಲಿಲ್ಲ."

ಆಮೇಲೆ ಜಾಡಿಯನ್ನು ಬಲಗೈಗೆ ತೆಗೆದುಕೊಂಡು, ತಳದಲ್ಲಿ ಕೂತದ್ದು ಏಳುವಷ್ಟು ಮಾತ್ರ, ಒಮ್ಮೆ ಮೆಲ್ಲಗೆ ತಿರುವಿದಳು. ಬೆಳಕಿಗೆ ಹಿಡಿದು, ಒಂದು ಕಣ್ಣು ಕಿರಿದು ಮಾಡಿ ನೋಡಿದಳು. ಅದು ಎಡಗಣ್ಣು. ಆ ತಿರುವು ಮಾತ್ರ ಮೇಡಂ ಅವರದೇ, ನಡುವೆ ಎಲ್ಲೂ ಕಡಿದಿಲ್ಲ. ಇಷ್ಟನ್ನು ನಾನು ಬರೆಯಬಲ್ಲೆ.